ಸೋಮವಾರದ ಉಪವಾಸ

ಕೊಬ್ಬರಿ ಒಡೆಯುತ್ತ ಕೂತಿದ್ದ ಚಿಕ್ಕಗೌರಮ್ಮ ಕೂತಲ್ಲೇ ಮಗ್ಗುಲಿಗೆ ಉರುಳಿಬಿಟ್ಟಳು. ಅರವತ್ತೆಂಟಾದರೂ ಗಟ್ಟಿ ಹೆಂಗಸು, ಜ್ವರ ಬಂದರೂ ಹಗಲುಹೊತ್ತು ಚಾಪೆ ಬಿಚ್ಚಿದವಳಲ್ಲ. ಅಂಥವಳು ಬೆವರಿ ತೊಪ್ಪೆಯಾಗಿ, ಕೈಕಾಲು ನಡುಗಿಸಿಕೊಂಡು, ಸತ್ತು ಹದಿನೈದು ವರ್ಷವಾದ ಗಂಡನನ್ನು ‘ತೋಟಕ್ಕೆ ನೀರು ಬುಟ್ಯಾ?’ ಅಂತ ಕೇಳುತ್ತಿದ್ದಳು. ಸೊಸೆ ಧನ್ಯಶ್ರೀ ಕಿರುಚಿದ್ದು ಕೇಳಿ ಎದುರುಮನೆಯ ಶಾಂತಕುಮಾರಿ ಸಕ್ಕರೆ ನೋಡುವ ಮಿಷನ್ನು ಹಿಡಿದೇ ಓಡಿಬಂದಳು. ಬೆರಳು ಚುಚ್ಚಿ ನೋಡಿದರೆ ನಲವತ್ತಾರು.

“ಬೆಲ್ಲದ ನೀರು ತಾರೇ, ನಿಂತ್ಕಂಡು ಏನ್ ನೋಡ್ತೀಯ!”

ಒಂದು ಲೋಟ ಒಳಗಿಳಿದ ಮೇಲೆ ಚಿಕ್ಕಗೌರಮ್ಮನಿಗೆ ಜಗತ್ತು ವಾಪಸ್ ಬಂತು. “ಎಲ್ಲಾ ಯಾಕೆ ನನ್ ಸುತ್ತ ನಿಂತಿದೀರಿ, ಸತ್ತೋಗಿದ್ನಾ?” ಅಂದಳು. ಎಲ್ಲರೂ ನಕ್ಕರು. ಶಾಂತಕುಮಾರಿಗೆ ಮಾತ್ರ ನಗು ಬರಲಿಲ್ಲ. ಸಕ್ಕರೆ ಹೆಚ್ಚಾಗಿದೆ ಅಂತ ಮಾತ್ರೆ ನುಂಗುತ್ತಿರುವ ಹೆಂಗಸಿಗೆ ಸಕ್ಕರೆ ನಲವತ್ತಾರಕ್ಕೆ ಯಾಕೆ ಬೀಳಬೇಕು? ಆ ಮಾತ್ರೆ ಕೊಟ್ಟಿದ್ದು ಯಾರು? ಅವಳೇ. ತನ್ನ ಕೈಯಾರೆ ತನ್ನ ಸೋದರತ್ತೆಗೆ ಕೊಟ್ಟಿದ್ದಳು.

ಶಾಂತಕುಮಾರಿ ತಿಪಟೂರಿನ ಒಂದು ರಕ್ತಪರೀಕ್ಷೆ ಅಂಗಡಿಯಲ್ಲಿ ಹನ್ನೊಂದು ವರ್ಷ ಸೂಜಿ ಹಿಡಿದವಳು. ಹೋದ ವರ್ಷ ಡಾಕ್ಟರ್ ಸೂರ್ಯಪ್ರಕಾಶ್ ಅನ್ನುವವರು ಯಾವುದೋ ಸಂಶೋಧನಾ ಸಂಸ್ಥೆಯ ಬಿಳಿ ವ್ಯಾನಿನಲ್ಲಿ ಬಂದು, ಊರಿನಲ್ಲಿ ರಕ್ತ ತೆಗೆಯೋಕೆ ಇವಳನ್ನೇ ಇಟ್ಟುಕೊಂಡರು. ಸಕ್ಕರೆ ಕಾಯಿಲೆ ಬರುವ ಎಷ್ಟೋ ವರ್ಷ ಮುಂಚೆಯೇ ರಕ್ತದಲ್ಲಿ ಒಂದು ಗುರುತು ಏರುತ್ತದಂತೆ, ಅದನ್ನು ಅವರು ಕಂಡುಹಿಡಿದಿದ್ದಾರಂತೆ. ಆ ಗುರುತು ಏರಿದವರಿಗೆ ಹೊಸ ಮಾತ್ರೆ ಕೊಟ್ಟರೆ ಕಾಯಿಲೆ ಬಾಗಿಲಲ್ಲೇ ನಿಲ್ಲುತ್ತದಂತೆ. ಊರಿನವರು ಅದಕ್ಕೆ ‘ಗುರುತಿನ ಪರೀಕ್ಷೆ’ ಅಂತ ಹೆಸರಿಟ್ಟರು. ನೂರಾ ಹನ್ನೆರಡು ಜನ ರಕ್ತ ಕೊಟ್ಟರು, ಅರವತ್ತೊಂದು ಜನಕ್ಕೆ ಗುರುತೂ ಏರಿತ್ತು, ಸಕ್ಕರೆಯೂ ಏರಿತ್ತು. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಪರೀಕ್ಷೆಯಲ್ಲಿ ಎಲ್ಲರದ್ದೂ ಸರಿಯಾಗೇ ಇತ್ತು. ಶಾಂತಕುಮಾರಿ ಅದನ್ನು ಕೇಳಿದ್ದಕ್ಕೆ, “ಅದೇ ನಮ್ಮ ಗುರುತಿನ ಹೆಚ್ಚುಗಾರಿಕೆ ಶಾಂತಮ್ಮ, ಹಳೇ ಪರೀಕ್ಷೆಗೆ ಕಾಣದ್ದು ನಮಗೆ ಕಾಣುತ್ತೆ” ಅಂದಿದ್ದರು. ದೊಡ್ಡವರು ಹೇಳಿದ ಮೇಲೆ ಇನ್ನೇನು, ಇವಳೂ ತಲೆ ಆಡಿಸಿದ್ದಳು.

ಅತ್ತೆಯ ಮಂಚದ ಪಕ್ಕ ಕೂತು ಶಾಂತಕುಮಾರಿ ಮೆಲ್ಲಗೆ ಕೇಳಿದಳು. “ಅತ್ತೆ, ಕಾರ್ತೀಕದಲ್ಲಿ ರಕ್ತ ಕೊಟ್ಯಲ್ಲ, ಅವತ್ತು ಬೆಳಿಗ್ಗೆ ಏನಾದ್ರೂ ತಿಂದಿದ್ಯಾ?”

“ಥೂ, ತಿಂತೀನೇನೆ! ಚೀಟೀಲಿ ಉಪಾಸ ಬನ್ನಿ ಅಂತ ಬರ್ದಿತ್ತಲ್ಲ. ಸಾಲದ್ದಕ್ಕೆ ಕಾರ್ತೀಕ ಸೋಮವಾರ ಬೇರೆ. ಕಟ್ಟುನಿಟ್ಟಾಗಿ ಉಪಾಸ ಇದ್ದೆ.”

“ಏನೂ ತಿನ್ನಲಿಲ್ಲ?”

“ಏನೂ ಇಲ್ಲ ಕಣೇ. ಎರಡು ಬಾಳೆಹಣ್ಣು, ಒಂದ್ ಹೋಳು ಕಾಯಿ, ಒಂದಚ್ಚು ಬೆಲ್ಲ. ಒಂದ್ ಲೋಟ ಕಾಫಿ. ಅಷ್ಟೇ.”

ಅಯ್ಯೋ ದೇವರೇ! ಹನ್ನೊಂದು ವರ್ಷ ಅಂಗಡಿಯಲ್ಲಿ ಬಂದವರಿಗೆಲ್ಲ ‘ಬರೀ ಹೊಟ್ಟೇಲಿ ಬನ್ನಿ, ನೀರು ಬಿಟ್ಟು ಏನೂ ಮುಟ್ಟಬೇಡಿ’ ಅಂತ ಬಾಯಿ ನೋಯುವಷ್ಟು ಹೇಳಿದವಳು ಶಾಂತಕುಮಾರಿ. ಸಂಸ್ಥೆಯವರು ಅಚ್ಚು ಹಾಕಿಸಿ ತಂದ ಚೀಟಿಯಲ್ಲಿ ‘ಉಪವಾಸವಿದ್ದು ಬನ್ನಿ’ ಅಂತಿತ್ತು. ಓದಿದಾಗಲೇ ಏನೋ ಕಸಿವಿಸಿಯಾಗಿತ್ತು, ಅಚ್ಚಾದ ಅಕ್ಷರಕ್ಕೆ ಎದುರಾಡೋದು ಯಾಕೆ ಅಂತ ಸುಮ್ಮನಿದ್ದಳು. ಈ ಸೀಮೆಯಲ್ಲಿ ಉಪವಾಸ ಅಂದರೆ ಮುದ್ದೆ, ಅನ್ನ ಮುಟ್ಟೋದಿಲ್ಲ ಅಂತ, ಹೊಟ್ಟೆ ಖಾಲಿ ಅಂತ ಯಾವ ಶಿವ ಹೇಳಿದ್ದಾನೆ?

ಸಂಜೆಯೊಳಗೆ ಹತ್ತು ಮನೆ ತಿರುಗಿದಳು. ಮರುಳಸಿದ್ದಯ್ಯ ಎದೆ ತಟ್ಟಿಕೊಂಡು, “ನಂದು ಭಾರೀ ಕಟ್ಟು ಕಣವ್ವ, ಬರೀ ಅವಲಕ್ಕಿ ಒಗ್ಗರಣೆ” ಅಂದ. ಬೆಟ್ಟಸ್ವಾಮಿ ಎರಡು ಎಳನೀರು ಕುಡಿದು ಒಳಗಿನ ಗಂಜಿ ಕೆರೆದು ತಿಂದಿದ್ದ. ಸಿದ್ದಗಂಗಮ್ಮ ಸಬ್ಬಕ್ಕಿ ಪಾಯಸ. ಅದೆಲ್ಲ ತಿಂದು ಹೋಗಿ ರಕ್ತಕ್ಕೆ ತೋಳು ಚಾಚಿದ್ದರು. ಶಾಂತಕುಮಾರಿ ‘ಉಪವಾಸದಲ್ಲಿದ್ದೀರಾ?’ ಅಂತ ಕೇಳಿ, ಹಾಳೆಯಲ್ಲಿ ‘ಹೌದು’ ಅನ್ನೋ ಚೌಕಕ್ಕೆ ಟಿಕ್ ಹಾಕಿ, ಕೆಳಗೆ ಸಹಿ ಮಾಡಿದ್ದಳು. ತಿಂದ ಮೇಲೆ ಸಕ್ಕರೆ ಏರುತ್ತೆ, ಅದರ ಹಿಂದೆಯೇ ಗುರುತೂ ಏರುತ್ತೆ. ಪಾಯಸ ತಿಂದವರ ರಕ್ತ ನೋಡಿ ಕಾಯಿಲೆ ಕಂಡುಹಿಡಿದಿದ್ದರು ಮಹಾನುಭಾವರು! ಮಾತ್ರೆ ನುಂಗುತ್ತಿದ್ದ ಆ ಹತ್ತರಲ್ಲಿ ನಾಲ್ಕು ಜನಕ್ಕೆ ಆಗಲೇ ತಲೆಸುತ್ತು, ನಡುಕ ಶುರುವಾಗಿತ್ತು. ಒಳ್ಳೇ ಮಾತ್ರೆ ಅಂದಮೇಲೆ ಸ್ವಲ್ಪ ಆಟ ಆಡಿಸುತ್ತೆ ಅಂತ ಸಹಿಸಿಕೊಂಡಿದ್ದರು.

ಮಾರನೇ ದಿನ ಮೊದಲ ಬಸ್ಸಿಗೇ ತಿಪಟೂರಿಗೆ ಹೋಗಿ ಸೂರ್ಯಪ್ರಕಾಶರ ಮುಂದೆ ನಿಂತಳು. ಎಲ್ಲ ಹೇಳಿದಳು. ತಪ್ಪು ತನ್ನದೂ ಇದೆ ಅಂತಲೂ ಹೇಳಿದಳು. “ಇವತ್ತೇ ಮಾತ್ರೆ ನಿಲ್ಲಿಸಬೇಕು ಸಾರ್. ನಮ್ಮತ್ತೆ ನಿನ್ನೆ ಕೈತಪ್ಪಿ ಹೋಗ್ತಿದ್ಲು.”

ಅವರು ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದಳು. ಅವರು ಕೈಯಲ್ಲಿದ್ದ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಮೆತ್ತಗಾಗುವ ತನಕ ಕಾದು, ತಿಂದು, ಬೆರಳು ಒರೆಸಿಕೊಂಡರು. “ಯಾರ ಹತ್ತಿರ ಹೇಳಿದೀಯಮ್ಮ ಇದನ್ನ?” ಅಂದರು.

“ನಿಮಗೇ ಮೊದಲು.”

“ಒಳ್ಳೇದಾಯ್ತು. ನೋಡು, ಮಧ್ಯದಲ್ಲಿ ಮಾತ್ರೆ ನಿಲ್ಲಿಸಿದರೆ ಅಧ್ಯಯನ ಕೆಡುತ್ತೆ. ಮುಂದಿನ ಸೋಮವಾರ ಎರಡನೇ ಸಲ ರಕ್ತ ತಗೋಬೇಕು ತಾನೆ? ಈ ಸಲ ಅವರಿಗೆ ಸರಿಯಾಗಿ ಹೇಳು. ಹಿಂದಿನ ರಾತ್ರಿಯಿಂದ ಏನೂ ಮುಟ್ಟಬಾರದು. ನಿಜವಾದ ಖಾಲಿ ಹೊಟ್ಟೆ.”

“ಆಗ ಸಕ್ಕರೆ ಇಳಿದಿರುತ್ತಲ್ಲ ಸಾರ್. ಗುರುತೂ ಇಳಿದಿರುತ್ತೆ.”

“ಇಳೀಲಿ ಬಿಡು” ಅಂತ ನಕ್ಕರು. “ಮಾತ್ರೆ ಕೆಲಸ ಮಾಡಿದೆ ಅಂತಾಯ್ತು.”

ಇಷ್ಟು ಹೊತ್ತು ಬಹುವಚನ ಹಚ್ಚಿ ಮರ್ಯಾದೆ ಕೊಟ್ಟಿದ್ದು ಸಾಕು. ಅವನು ಹಾಗೆ ನಕ್ಕ. ಮೊದಲ ಸಲ ತಿಂದು ಬಂದವರು, ಎರಡನೇ ಸಲ ತಿನ್ನದೆ ಬಂದವರು. ನಡುವಿನ ವ್ಯತ್ಯಾಸವೆಲ್ಲ ಅವನ ಮಾತ್ರೆಯ ಮಹಿಮೆ! ನಾಳೆ ಅದನ್ನು ದೇಶಕ್ಕೆಲ್ಲ ನುಂಗಿಸುತ್ತಾನೆ. ಹನ್ನೊಂದು ವರ್ಷ ಶಾಂತಕುಮಾರಿ ಜನರ ಮಲ ಮೂತ್ರ ಕಫ ಎಲ್ಲ ಕೈಯಲ್ಲಿ ಹಿಡಿದಿದ್ದಳು, ಒಂದು ದಿನಕ್ಕೂ ಹೇಸಿಕೆಯಾಗಿರಲಿಲ್ಲ. ಈಗ ಆ ಮನುಷ್ಯನ ಒರೆಸಿಕೊಂಡ ಬೆರಳು ನೋಡಿ ವಾಕರಿಕೆ ಬಂತು.

“ನಿನ್ನ ಸಹಿ ಇರೋ ಹಾಳೆ ನನ್ನ ಹತ್ರ ಇದೆ, ಮರೀಬೇಡ” ಅಂದ, ಇವಳು ಹೊರಡುವಾಗ.

ಊರಿಗೆ ಬಂದವಳೇ ಮೊದಲು ಅತ್ತೆಯ ಮಾತ್ರೆ ಕಿತ್ತುಕೊಂಡಳು. ಆಮೇಲೆ ಉಳಿದ ಅರವತ್ತು ಮನೆ. ಎರಡು ದಿನ ಹಿಡಿಯಿತು. ಪ್ರತಿ ಬಾಗಿಲಲ್ಲೂ ನಿಂತು, ನಿಮಗೆ ಕಾಯಿಲೆ ಇದೆ ಅಂತ ಹೇಳಿದ್ದು ಸುಳ್ಳು, ಬರೆದವಳು ನಾನು ಅಂದಳು. ಕೆಲವರು ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡಳು. ಚಿಕ್ಕಗೌರಮ್ಮ ಮಾತ್ರ “ಮೂರು ತಿಂಗಳಿಂದ ಸಾಯ್ತೀನಿ ಅಂತ ಹೆದರ್ಕಂಡು ಒಬ್ಬಟ್ಟು ಮುಟ್ಟಲಿಲ್ಲ ಕಣೇ ನಾನು” ಅಂದಳು. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು.

ಸೋಮವಾರ ಬಿಳಿ ವ್ಯಾನು ಶಾಲೆಯ ಮುಂದೆ ನಿಂತಿತು. ಅವತ್ತು ಔಷಧಿ ಕಂಪನಿಯ ಮೇಡಂ ಒಬ್ಬಳೂ ಬಂದಿದ್ದಳು. ಅವಳಿಗೆ ತೋರಿಸೋಕೆ ಸೂರ್ಯಪ್ರಕಾಶ ತಾನೇ ಮೇಜಿನ ಹಿಂದೆ ಕೂತು, ಸಾಲಿನಲ್ಲಿ ಮೊದಲು ನಿಂತಿದ್ದ ಚಿಕ್ಕಗೌರಮ್ಮನನ್ನು ಸಕ್ಕರೆ ದನಿಯಲ್ಲಿ ಕೇಳಿದ. “ಅಜ್ಜಿ, ಉಪವಾಸ ತಾನೆ?”

“ಹೂ ಕಣಪ್ಪ. ಎರಡು ಬಾಳೆಹಣ್ಣು, ಕಾಯಿ, ಬೆಲ್ಲ, ಕಾಫಿ. ಹೋದ ಸಲಾನೂ ಇಷ್ಟೇ ತಿಂದಿದ್ದೆ. ಬರ್ಕಳಿ. ನಿಮ್ ಮಾತ್ರೆ ಬುಟ್ಟು ಐದು ದಿನ ಆಯ್ತು, ಅದನ್ನೂ ಬರ್ಕಳಿ.”

ಮೇಡಂ ತಲೆ ಎತ್ತಿದಳು. “ಇವರೊಬ್ಬರನ್ನ ಲಿಸ್ಟಿಂದ ತೆಗೆಯೋಣ” ಅಂದ ಸೂರ್ಯಪ್ರಕಾಶ. ಮರುಳಸಿದ್ದಯ್ಯ ಬಂದ. “ಅವಲಕ್ಕಿ ಒಗ್ಗರಣೆ ಸ್ವಾಮಿ, ಆವತ್ತೂ ಇವತ್ತೂ.” ಸಿದ್ದಗಂಗಮ್ಮ ಬಂದಳು. ಅವಳು ಪಾಯಸಕ್ಕೆ ದ್ರಾಕ್ಷಿ ಹಾಕಿದ್ದನ್ನೂ ಹೇಳಿದಳು. ಹತ್ತನೆಯವನಿಗೆ ಬರುವಷ್ಟರಲ್ಲಿ ಮೇಡಂ ಲ್ಯಾಪ್‌ಟಾಪ್ ಮುಚ್ಚಿದಳು. ಈಗಲಾದರೂ ಇವನಿಗೆ ಛೀಮಾರಿ ಹಾಕುತ್ತಾಳೆ ಅಂತ ಶಾಂತಕುಮಾರಿ ಮೇಜಿನ ಹತ್ತಿರ ಸರಿದಳು. ಮೇಡಂ ಅವನ ಕಡೆ ಬಾಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಶಾಂತಕುಮಾರಿಗೆ ಅಷ್ಟು ಇಂಗ್ಲಿಷು ಬರುತ್ತಿತ್ತು. ಈ ಊರನ್ನು ಬಿಟ್ಟುಬಿಡಿ, ಕಂದಿಕೆರೆ ಕಡೆ ಹೊಸದಾಗಿ ಶುರುಮಾಡಿ, ಅದೇ ಚೀಟಿ ಸಾಕು ಅಂದಿದ್ದಳು.

ಥೂ ನಿಮ್ಮ ಜನ್ಮಕ್ಕೆ! ಒಬ್ಬನೇ ಹೊಲಸು ಅಂದುಕೊಂಡಿದ್ದು ಇವಳ ದಡ್ಡತನ.

ವ್ಯಾನಿನ ಬಾಗಿಲು ಹಾಕಿಕೊಳ್ಳುತ್ತಿತ್ತು. “ಏನಂತೆ ಅವಳ್ದು?” ಅಂದಳು ಚಿಕ್ಕಗೌರಮ್ಮ. ಶಾಂತಕುಮಾರಿ ಹೇಳಿದಳು.

“ಕಂದಿಕೆರೆಗಾ? ನಮ್ ತಂಗಿ ಕೊಲ್ಲಾಪುರಿನ ಕೊಟ್ಟಿರೋ ಊರಿಗಾ?” ಮುದುಕಿ ಸೊಂಟದಿಂದ ಮೊಬೈಲು ತೆಗೆದು ತಂಗಿಗೆ ಹಚ್ಚಿದಳು. ಆ ಕಡೆ ಹಲೋ ಅಂದದ್ದೇ ತಡ, ಫೋನನ್ನು ಶಾಂತಕುಮಾರಿಯ ಕೈಗೆ ತುರುಕಿದಳು. “ನೀನೇ ಹೇಳು. ಟಿಕ್ ಹಾಕ್ದೋಳು ನೀನು.”

ಶಾಂತಕುಮಾರಿ ಫೋನು ಕಿವಿಗಿಟ್ಟುಕೊಂಡಳು. ಸಾಲಿನಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು.

“ಅತ್ತೆ, ನಾನು ಶಾಂತಿ. ನಾನೊಂದು ತಪ್ಪು ಮಾಡಿದೀನಿ. ಮೊದಲಿಂದ ಹೇಳ್ತೀನಿ, ಊರೋರನ್ನೂ ಹತ್ರ ಕರ್ಕೊಂಡು ಕೇಳು.”