ಖಜಾನೆಯ ಬಾಗಿಲು

ನಮ್ಮ ಅತ್ತೆಗೆ ಎಲ್ಲಿ ಹೋದರೂ ಊರ ಉಸಾಬರಿ ಬೇಕು. ರಾಷ್ಟ್ರೀಯ ಕಲಾ ಸಂಗ್ರಹಾಲಯ ತೆರೆದ ದಿನವೇ ನೋಡಬೇಕೆಂದು ಹಟ ಹಿಡಿದು ನನ್ನನ್ನು ಎಳೆದುಕೊಂಡು ಹೋದರು. ಹಿಂದೆ ಅದು ಸರ್ಕಾರಿ ಖಜಾನೆಯಾಗಿದ್ದ ಕಟ್ಟಡ. ನೆಲಮಾಳಿಗೆಯ ಭದ್ರಕೋಣೆಯಲ್ಲಿ ಒಂದೇ ಒಂದು ಚಿತ್ರ ತೂಗುಹಾಕಿದ್ದರು. ಕಬ್ಬಿಣದ ಬಾಗಿಲು ಮುಚ್ಚಿಕೊಳ್ಳದಂತೆ ಅದರ ಕೆಳಗೆ ಮರದ ತುಂಡೊಂದನ್ನು ಸಿಕ್ಕಿಸಿದ್ದರು.

"ದಾರೀಲಿ ಇಟ್ಟಿದ್ದಾರಲ್ಲ, ಯಾರಾದ್ರೂ ಎಡವಿ ಬಿದ್ರೆ ಏನ್ ಗತಿ?" ಎನ್ನುತ್ತಾ ಅತ್ತೆ ಅದನ್ನು ಕಿತ್ತುಕೊಂಡೇ ಒಳಗೆ ನಡೆದರು. ನಾನು "ಬೇಡ ಅತ್ತೆ" ಎನ್ನುವಷ್ಟರಲ್ಲಿ ಬಾಗಿಲು ತನ್ನ ಭಾರಕ್ಕೇ ಜಾರಿ ಮುಚ್ಚಿತು. ಸಂದಿಯಲ್ಲಿ ಹಾಯಿಸಿದ್ದ ದೀಪದ ತಂತಿ ತುಂಡಾಗಿ ಕೆಳಗೆ ಬಿತ್ತು; ಒಳಗೆ ಕತ್ತಲಾಗಿರಬೇಕು.

ಬಾಗಿಲ ಬಳಿ ನಿಂತಿದ್ದ ಕಾವಲುಗಾರನ ಮುಖ ಬಿಳಿಚಿಕೊಂಡಿತು. "ಅದು ತಾನಾಗೇ ಬೀಗ ಹಾಕ್ಕೊಳ್ಳತ್ತೆ ಅಮ್ಮಾ. ಕೀ ಮೇಲೆ ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ."

"ಒಳಗೆ ಕಿಟಕಿ ಇದೆಯಾ?"

"ಖಜಾನೆಗೆ ಎಲ್ಲಿಂದ ಕಿಟಕಿ?"

ಅತ್ತೆ ಒಳಗಿನಿಂದ ಬಡಿಯುತ್ತಿದ್ದರು. ಎದ್ದೆನೋ ಬಿದ್ದೆನೋ ಎಂದು ಮೇಲಕ್ಕೆ ಓಡಿದೆ.

ಕೀ ಗಾಜಿನ ಪೆಟ್ಟಿಗೆಯೊಳಗೆ ರೇಷ್ಮೆ ಬಟ್ಟೆಯ ಮೇಲೆ ಮಲಗಿತ್ತು. ಕೋಟು ತೊಟ್ಟ ನಿರ್ದೇಶಕರು ಕೈ ಅಡ್ಡ ಹಿಡಿದರು. "ಸ್ವಲ್ಪ ತಾಳಿ ಮೇಡಂ. ಪೆಟ್ಟಿಗೆ ಮಾಡಿದ ಕಂಪನಿಯವರಿಗೆ ಫೋನ್ ಮಾಡ್ತಿದ್ದೀವಿ. ಇದು ರಾಷ್ಟ್ರದ ಆಸ್ತಿ."

"ಒಳಗಿರೋದು ನಮ್ಮತ್ತೆ ಸ್ವಾಮಿ!"

ಇಂಥವರ ಹತ್ತಿರ ಮಾತಾಡುವುದೂ ಒಂದೇ, ಗೋಡೆ ಹತ್ತಿರ ಮಾತಾಡುವುದೂ ಒಂದೇ. ಬೆಂಕಿ ಆರಿಸುವ ಸಿಲಿಂಡರನ್ನು ಗೋಡೆಯಿಂದ ಕಿತ್ತು ಗಾಜಿಗೆ ಬೀಸಿದೆ. ಸೈರನ್ ಕೂಗತೊಡಗಿತು, ಜನ ಚೆಲ್ಲಾಪಿಲ್ಲಿಯಾದರು. ಕೀ ಹಿಡಿದು ಕೆಳಗೆ ಬಂದಾಗ ಬಡಿತ ನಿಂತಿತ್ತು.

"ಅತ್ತೆ! ಅತ್ತೇ!" ಕೀ ತಿರುಗದು. ಕಾವಲುಗಾರ ತನ್ನ ಕೈಯನ್ನೂ ಸೇರಿಸಿ ಹಲ್ಲು ಕಚ್ಚಿ ತಿರುವಿದ. ಬಾಗಿಲು ಜರುಗಿತು.

ಅತ್ತೆ ಮೂಲೆಯಲ್ಲಿ ಮುದುಡಿ ಕೂತಿದ್ದರು. ಉಸಿರಾಡುತ್ತಿದ್ದರು. ನಾನು ಪಕ್ಕದಲ್ಲಿ ಕುಸಿದೆ. ಗಾಜು ಸೀಳಿದ ನನ್ನ ಅಂಗೈಯಿಂದ ರಕ್ತ ಸುರಿದು ಅವರ ಬಟ್ಟೆಯೆಲ್ಲ ಕೆಂಪಾಯಿತು. ತೊಟ್ಟು ಕಾಫಿ ಚೆಲ್ಲಿದರೂ ಮನೆಯ ಮಾಡು ಹಾರಿಹೋಗುವಂತೆ ಬೈಯುವ ಹೆಂಗಸು ಅವರು.

"ನೋಡಿ, ಬಟ್ಟೆ ಹಾಳಾಯ್ತು. ಬೈಯಿರಿ ಅತ್ತೆ," ಎಂದೆ.

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಆಮೇಲೆ ಚಿಕ್ಕ ಹುಡುಗಿಯ ದನಿಯಲ್ಲಿ, "ಕತ್ತಲಲ್ಲಿ ಕೂಡಿಹಾಕಿದ್ರೂ ನಾನು ಅಳಲೇ ಇಲ್ಲ ಕಣಮ್ಮಾ. ಅಪ್ಪಂಗೆ ಹೇಳ್ಬೇಡ, ಹೊಡೀತಾನೆ," ಎಂದರು.

ಬಾಗಿಲ ಹೊರಗೆ ನಿಂತಾಗಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಅವರ ತಲೆಯನ್ನು ಎದೆಗೊತ್ತಿಕೊಂಡೆ.

"ಹೇಳಲ್ಲ ಮಗಾ," ಎಂದೆ.