ಎರಡನೆಯ ಹೆಸರು

ಊಟ ಮುಗಿದು ಎಲ್ಲರೂ ಮತ್ತೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಾಗ ರಿಸೆಪ್ಷನ್ನಿನ ಅಲಮೇಲು ಒಳಗೆ ಬಂದು ಉಮಾಶ್ರೀಯ ಭುಜ ಮುಟ್ಟಿದಳು.

"ನಿಮ್ಮ ಊರಿನ ಕಡೆಯವರ ಫೋನು. ಅರ್ಧ ಅರ್ಥ ಆಗ್ಲಿಲ್ಲ ನಂಗೆ. ಶರಣಮ್ಮನ್ನ ಕೇಳ್ತಿದಾರೆ."

ಕೆಲಸದ ಹಾಲಿಗೆ ಮೊಬೈಲ್ ತರುವಂತಿರಲಿಲ್ಲ. ಅಮೆರಿಕದ ರೋಗಿಗಳ ವಿವರ ಹೊರಗೆ ಹೋಗಬಾರದೆಂದು ಎಲ್ಲರ ಫೋನುಗಳೂ ಆಫ್ ಆಗಿ ಅಲಮೇಲುವಿನ ಡ್ರಾಯರಿನಲ್ಲಿರುತ್ತಿದ್ದವು. ಆಫೀಸಿನ ನಂಬರಿಗೆ ಕರೆ ಬಂದರೆ ಶಿಫ್ಟ್ ನೋಡಿಕೊಳ್ಳುವ ಉಮಾಶ್ರೀ ಮೊದಲು ಮಾತಾಡಬೇಕು, ಒಳಗೆ ತಿಳಿಸುವುದೋ ಬೇಡವೋ ಅವಳೇ ನಿರ್ಧರಿಸಬೇಕು. ಆ ನಿಯಮ ಬರೆದವಳೂ ಅವಳೇ.

"ನಾನು ಶರಣಮ್ಮನ ಕಾಕಾ ರೀ, ತಿಪ್ಪಣ್ಣ. ಗದಗಿನ ದವಾಖಾನ್ಯಾಗಿಂದ ಮಾತಾಡಾಕತ್ತೇನಿ. ನಮ್ಮಣ್ಣ ಗಿರಣ್ಯಾಗ ಎದಿ ಹಿಡಕೊಂಡು ಬಿದ್ದಾನ."

"ಈಗ ಹ್ಯಾಂಗದಾರ್ರಿ?"

ಅವಳ ಮಾತಿನ ಧಾಟಿ ಕೇಳಿ ಆ ಕಡೆಯ ದನಿ ಸ್ವಲ್ಪ ಸಡಿಲವಾಯಿತು. "ನೀನೂ ನಮ್ಮ ಕಡಿಯಾಕಿ ಏನು ತಂಗಿ? ಚಲೋ ಆತು. ಮಾತಾಡ್ತಾನ. ಹುಡುಗರೆಲ್ಲಿ ಅಂತ ಕೇಳ್ತಾನ. ಡಾಕ್ಟರು ಮಾತ್ರ ಭರವಸೆ ಕೊಡವಲ್ರು. ಇಬ್ಬರ್ನೂ ಈಗಿಂದೀಗ ಬಸ್ ಹತ್ತಸು, ಈಗ ಹೊಂಟ್ರ ರಾತ್ರಿ ಮುಟ್ತಾರ. ಅವರವ್ವ ಇದ್ದಿದ್ರ ಬ್ಯಾರೆ ಮಾತು. ಈಗ ಅವನ ಹಂತ್ಯಾಕ ನನ್ನ ಬಿಟ್ರ ಯಾರೂ ಇಲ್ಲ."

"ಹೇಳ್ತೀನ್ರಿ" ಎಂದು ಉಮಾಶ್ರೀ ಫೋನಿಟ್ಟಳು.

ಗಾಜಿನ ಬಾಗಿಲಿನಾಚೆ ಶರಣಮ್ಮ, ಅವಳ ತಮ್ಮ ಮುತ್ತುರಾಜ ಒಂದೇ ಸಾಲಿನಲ್ಲಿ ಕೂತು ಟೈಪ್ ಮಾಡುತ್ತಿದ್ದರು. ಉಮಾಶ್ರೀ ಬಾಗಿಲು ತಳ್ಳಲಿಲ್ಲ. ಎಡಕ್ಕೆ ತಿರುಗಿ ಮಾಲೀಕ ಭಾರ್ಗವನ ಕೋಣೆಗೆ ಹೋದಳು.

ಎರಡು ಸಾವಿರದ ಮೂರನೆಯ ಇಸವಿ ಅದು. ಬಿಟಿಎಂ ಲೇಔಟಿನ ಎರಡನೇ ಹಂತದಲ್ಲಿ, ಫರ್ನಿಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಆಫೀಸು. ಅಮೆರಿಕದ ವೈದ್ಯರು ರೋಗಿಗಳನ್ನು ನೋಡಿ ಯಂತ್ರಕ್ಕೆ ಹೇಳಿದ್ದನ್ನು ಇಲ್ಲಿ ಕೇಳಿ, ಅಕ್ಷರಕ್ಕಿಳಿಸಿ, ಅಲ್ಲಿ ಬೆಳಗಾಗುವುದರೊಳಗೆ ಕಳಿಸಬೇಕು. ಅಲ್ಲಿನ ಒಂದು ದೊಡ್ಡ ಆಸ್ಪತ್ರೆ ತಿಂಗಳ ಮಟ್ಟಿಗೆ ಕೆಲಸ ಕೊಟ್ಟು ಪರೀಕ್ಷಿಸುತ್ತಿತ್ತು. ತಡವಾಗಬಾರದು, ಕೇಳಿಸಲಿಲ್ಲವೆಂದು ಖಾಲಿ ಬಿಟ್ಟ ಜಾಗ ಮಿತಿ ಮೀರಬಾರದು. ಗೆದ್ದರೆ ಕೆಲಸ ಖಾಯಂ. ಸೋತರೆ ಆ ಸಾಲುಗಳಲ್ಲಿ ಕೂತ ಮುಕ್ಕಾಲು ಜನ ಬೇರೆ ಕಡೆ ಕೆಲಸ ಹುಡುಕಬೇಕು. ಇವತ್ತು ಪರೀಕ್ಷೆಯ ಕೊನೆಯ ದಿನ.

ಯಾವುದೇ ಅಡಚಣೆ ಬಂದರೂ ಕೆಲಸ ನಿಲ್ಲದಂತೆ ಯೋಜನೆ ಮಾಡಿದವಳು ಉಮಾಶ್ರೀ. ಕರೆಂಟು ಹೋದರೆ ಜನರೇಟರ್, ಡೀಸೆಲ್ ಮುಗಿದರೆ ಪಕ್ಕದ ಕಟ್ಟಡದವರ ಜೊತೆ ಒಪ್ಪಂದ. ಒಂದು ಇಂಟರ್ನೆಟ್ ಕೈಕೊಟ್ಟರೆ ಇನ್ನೊಂದು. ಬಂದ್ ಆದರೆ ಹಿಂದಿನ ರಾತ್ರಿಯೇ ಎಲ್ಲರೂ ಆಫೀಸಿಗೆ ಬಂದು ಮಲಗುವುದು, ಹಾಸಿಗೆಗಳು ಟೆರೇಸಿನ ಕೋಣೆಯಲ್ಲಿ ಸಿದ್ಧ. ಪ್ರತಿಯೊಬ್ಬ ವೈದ್ಯನ ಮಾತು ಬಲ್ಲವರು ಇಬ್ಬರಿರಬೇಕು, ಒಬ್ಬರು ಬರದಿದ್ದರೆ ಇನ್ನೊಬ್ಬರು. ಆಸ್ಪತ್ರೆಯ ಪರವಾಗಿ ತಪಾಸಣೆಗೆ ಬಂದ ಬದರಿನಾಥ ಎಂಬಾತ ಜ್ವರ, ಮದುವೆ, ರಾಜೀನಾಮೆ ಎಲ್ಲದರ ಬಗ್ಗೆ ಕೆದಕಿ ಕೇಳಿದ್ದ. ಪ್ರತಿ ವೈದ್ಯನ ಹೆಸರಿನ ಮುಂದೆಯೂ ಎರಡನೆಯ ಹೆಸರು ಇದ್ದದ್ದು ನೋಡಿ ಒಪ್ಪಿಗೆಯಿಂದ ತಲೆಯಾಡಿಸಿದ್ದ.

ಕಷ್ಟ ಕೊಟ್ಟದ್ದು ಒಬ್ಬನೇ, ಹೃದಯದ ಆಪರೇಷನ್ ಮಾಡುವ ಮುದುಕ ಸರ್ಜನ್. ಬಾಯಿ ತುಂಬ ಚುರುಮುರಿ ತುಂಬಿಕೊಂಡಂತೆ ಮಾತಾಡುತ್ತಿದ್ದ. ಹುಡುಗರು ಅವನನ್ನು ಚುರುಮುರಿ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅವನ ಮಾತು ಶರಣಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ಎರಡನೆಯವರನ್ನು ತಯಾರು ಮಾಡಲು ರೆಕಾರ್ಡಿಂಗನ್ನು ಮನೆಗೆ ಒಯ್ಯುವಂತಿಲ್ಲ, ಆಫೀಸಿನಲ್ಲಿ ಕೂರಿಸಿ ಕಲಿಸಲು ಬಿಡುವಿಲ್ಲ. ಶರಣಮ್ಮ ಬೇರೆ ದಾರಿ ಕಂಡುಕೊಂಡಳು. ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಾ ಸರ್ಜನ್ನನ ಹಾಗೆಯೇ ಮಾತಾಡುತ್ತಿದ್ದಳು. ಉಪ್ಪು ಕೊಡು, ನೀರು ತಾ ಎನ್ನುವುದನ್ನೂ ಅವನ ಇಂಗ್ಲಿಷಿನಲ್ಲೇ. ಮುತ್ತುರಾಜ ನಗುತ್ತಾ ನಗುತ್ತಾ ಕಲಿತುಬಿಟ್ಟ. ಪುಕ್ಕಟೆ ತರಬೇತಿ ಎಂದು ಉಮಾಶ್ರೀ ಹಿಗ್ಗಿ ಅವನ ಹೆಸರು ಸೇರಿಸಿದ್ದಳು. ಒಂದೇ ಮನೆಯ ಇಬ್ಬರಿಗೆ ಅಪ್ಪ ಒಬ್ಬನೇ ಎಂಬುದು ಅವಳಿಗೂ ಹೊಳೆಯಲಿಲ್ಲ, ಬದರಿನಾಥನಿಗೂ ಹೊಳೆಯಲಿಲ್ಲ.

ಇವತ್ತು ಬಂದ ರಾಶಿಯಲ್ಲಿ ಸರ್ಜನ್ನನದೇ ಅರ್ಧ. ಇಬ್ಬರೂ ಬಿಡುವಿಲ್ಲದೆ ಕೂತರೆ ಸಂಜೆಗೆ ಮುಗಿಯುತ್ತಿತ್ತು.

ಭಾರ್ಗವ ಪೂರ್ತಿ ಕೇಳಿಸಿಕೊಂಡ. ಜಯನಗರದವನು, ಅಪ್ಪನ ಮನೆ ಅಡವಿಟ್ಟು ಕಂಪನಿ ಶುರು ಮಾಡಿದವನು. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ.

"ಹೋಗ್ಬಿಟ್ಟಿಲ್ವಲ್ಲ ಉಮಾ. ಆಸ್ಪತ್ರೇಲಿದಾರೆ, ಡಾಕ್ಟ್ರಿದಾರೆ. ಇವ್ರು ಹೋಗಿ ಏನ್ ಟ್ರೀಟ್‌ಮೆಂಟ್ ಕೊಡ್ತಾರೆ?"

"ಕೇಳ್ತಿದಾರಂತೆ ಸಾರ್, ಮಕ್ಕಳನ್ನ."

"ಸರಿ, ಒಬ್ರನ್ನ ಕಳ್ಸಿ."

"ಒಬ್ರಿಗೆ ಹೇಳಿದ್ರೆ ಇನ್ನೊಬ್ರಿಗೆ ಗೊತ್ತಾಗಲ್ವಾ? ಗೊತ್ತಾದ್ಮೇಲೆ ಕೂತ್ಕೊಂಡು ಟೈಪ್ ಮಾಡ್ತಾರಾ?"

"ಹಾಗಾದ್ರೆ ರಾತ್ರಿ ಬಸ್ ಇದೆಯಲ್ಲ. ಕೆಲಸ ಮುಗ್ಸಿ ಹತ್ತಿದ್ರೆ ಬೆಳಿಗ್ಗೆ ಅಲ್ಲಿರ್ತಾರೆ. ಒಂದು ರಾತ್ರಿ ವ್ಯತ್ಯಾಸ ಅಷ್ಟೆ. ಮೆಜೆಸ್ಟಿಕ್‌ಗೆ ನನ್ನ ಕಾರಲ್ಲೇ ಬಿಡಿಸ್ತೀನಿ." ಪೆನ್ನನ್ನು ಜೇಬಿಗೆ ಸಿಕ್ಕಿಸಿ ಹೇಳಿದ: "ನಾನು ಏನೂ ಹೇಳಲ್ಲಪ್ಪ. ಪ್ಲಾನ್ ನಿಮ್ದು, ರೂಲ್ ನಿಮ್ದು. ನೀವೇ ಡಿಸೈಡ್ ಮಾಡಿ."

ಹೇಳುವುದನ್ನೆಲ್ಲ ಹೇಳಿಯೇ ಏನೂ ಹೇಳಲ್ಲ ಎಂದಿದ್ದ. ಉಮಾಶ್ರೀಗೆ ಅದು ತಿಳಿಯಿತು. ತಾನು ಅವನ ಕೋಣೆಗೆ ಬಂದದ್ದೇ ಅದನ್ನು ಕೇಳುವುದಕ್ಕೆ ಎಂಬುದೂ ತಿಳಿಯಿತು.

ಹಾಲಿಗೆ ಬಂದು ಸರ್ಜನ್ನನ ಒಂದು ಫೈಲನ್ನು ತಾನೇ ತೆರೆದಳು. ಬೇರೆ ಯಾರಾದರೂ ಮಾಡಬಹುದಾದರೆ ಇಬ್ಬರನ್ನೂ ಕಳಿಸಿಬಿಡೋಣ ಎಂದುಕೊಂಡಳು. ಗೊರಗೊರ ಸದ್ದಿನ ನಡುವೆ ಒಂದೆರಡು ಪದ ಸಿಕ್ಕವು. ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು, ಸಿಕ್ಕ ಪದಗಳೂ ಅನುಮಾನವಾದವು. ಚುರುಕಿನ ಹುಡುಗಿ ಇಂಚರಳನ್ನು ಕರೆದು ಕೇಳಿಸಿದಳು.

"ಮೇಡಂ, ಇದು ಇಂಗ್ಲಿಷಾ?" ಎಂದಳು ಇಂಚರ.

ಉಮಾಶ್ರೀ ಫೈಲ್ ಮುಚ್ಚಿದಳು.

ಮುತ್ತುರಾಜ ಎದ್ದು ಮೈ ಮುರಿದ. "ಅಕ್ಕಾರ, ಕೆಳಗ ಹೋಗಿ ಚಾ ಕುಡದ ಬರ್ತೀನ್ರಿ. ಚುರುಮುರಿ ತಿಂದು ತಿಂದು ಗಂಟಲ ಒಣಗೇತಿ."

ಕೆಳಗೆ ಹೋಗುವಾಗ ಅವನು ಡ್ರಾಯರಿನಿಂದ ಮೊಬೈಲ್ ತೆಗೆದುಕೊಳ್ಳುತ್ತಾನೆ. ಅಕ್ಕತಮ್ಮಂದಿರಿಬ್ಬರಿಗೂ ಸೇರಿ ಇದ್ದದ್ದು ಅದೊಂದೇ ಫೋನು.

"ಇಲ್ಲೇ ತರಸ್ತೀನಿ, ಕೂಡು."

"ಇವತ್ತೇನ್ರಿ ಭಾಳ ಉಪಚಾರ?"

"ಕಡೀ ದಿನ ಅಲ್ಲಾ? ಮುಗಸಿ ಬಿಡು."

ಶರಣಮ್ಮ ಒಂದು ಕಿವಿಯ ಹೆಡ್‌ಫೋನ್ ಸರಿಸಿ ತಮ್ಮನನ್ನು ಗದರಿದಳು. "ನಿನ್ನ ಚಾದಾಗ ನನ್ನ ಹೊತ್ತು ಹೋಗ್ತೈತಿ. ಕುಂದ್ರಲೇ ಮೂಳ." ಉಮಾಶ್ರೀಯನ್ನು ನೋಡಿ ನಕ್ಕಳು. "ಕೆಲಸ ಪಕ್ಕಾ ಆದ್ರ ಅಪ್ಪನ್ನ ಕರಸ್ತೀನ್ರಿ ಅಕ್ಕಾರ. ಬೆಂಗಳೂರು ನೋಡಿಲ್ಲ ಅಂವ."

ಉಮಾಶ್ರೀ ಚಹಾ ತರಿಸಿಕೊಟ್ಟಳು. ತಾನು ಕುಡಿಯಲಿಲ್ಲ.

ಬಿಸಿಲು ಕಿಟಕಿಯಿಂದ ಸರಿಯುವ ಹೊತ್ತಿಗೆ ಅಲಮೇಲು ಬಾಗಿಲಲ್ಲಿ ನಿಂತು ಕೈ ಮಾಡಿದಳು. ಉಮಾಶ್ರೀ ಹೊರಗೆ ಬಂದಾಗ ಅವಳು ರಿಸೀವರನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

"ಅದೇ ಅವ್ರು. ಇನ್ನೂ ಹೇಳಿಲ್ವಾ ನೀನು?"

"ಕೊಡು ಇಲ್ಲಿ."

"ಉಮಾ, ಇದು ಸರಿ ಇಲ್ಲ ಕಣೆ. ನಾನು ಹೋಗಿ ಹೇಳ್ಲಾ?"

"ನಿನಗ್ಯಾಕೆ? ಕೊಡು."

ತಿಪ್ಪಣ್ಣನ ದನಿ ಆಗಿನಕ್ಕಿಂತ ಸಣ್ಣದಾಗಿತ್ತು. "ತಂಗಿ, ಹೊಂಟ್ರೇನು ಹುಡುಗರು?"

ಹೊರಟಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾನೆ. ಫೋನ್ ಕೊಡು, ನಾನೇ ಮಾತಾಡುತ್ತೇನೆ ಎನ್ನುತ್ತಾನೆ. ಉಮಾಶ್ರೀ ಗಾಜಿನಾಚೆ ನೋಡಿದಳು. ಶರಣಮ್ಮನ ಬೆರಳುಗಳು ನಿಂತಿರಲಿಲ್ಲ.

"ಹೊಂಟಾರ್ರಿ ಕಾಕಾ" ಎಂದಳು.

"ಬಸ್ ಹತ್ತಿದ್ರಾ?"

"ಹತ್ತಿದ್ರು."

"ಪುಣ್ಯ ಬರಲಿ ನಿನಗ. ಅವನಿಗೆ ಹೇಳ್ತೀನಿ, ಬರಾಕತ್ತಾರ ಅಂತ."

ಫೋನಿಟ್ಟಾಗ ಅಲಮೇಲು ಅವಳನ್ನು ನೋಡಲಿಲ್ಲ. ಡ್ರಾಯರನ್ನು ಎಳೆದು, ಏನೂ ತೆಗೆಯದೆ ಮತ್ತೆ ತಳ್ಳಿದಳು.

ಕತ್ತಲಾಗುವ ಮುಂಚೆ ಕೊನೆಯ ಫೈಲೂ ಹೋಯಿತು. ಖಾಲಿ ಜಾಗಗಳು ಮಿತಿಯೊಳಗಿದ್ದವು. ಹುಡುಗರು ಮೇಜು ಬಡಿದರು, ಯಾರೋ ಕೇಕ್ ತರಲು ಓಡಿದರು. ಉಮಾಶ್ರೀ ಅಕ್ಕತಮ್ಮನನ್ನು ಭಾರ್ಗವನ ಕೋಣೆಗೆ ಕರೆದು ವಿಷಯ ಹೇಳಿದಳು. ಕರೆ ಬಂತು ಎಂದಳು, ಯಾವಾಗ ಎನ್ನಲಿಲ್ಲ. ಆ ಗಾಬರಿಯಲ್ಲಿ ಅವರೂ ಕೇಳಲಿಲ್ಲ. ಮುತ್ತುರಾಜ ಮೊಬೈಲ್ ತೆಗೆದುಕೊಳ್ಳಲು ಹೊರಗೆ ಓಡಿದ. ಶರಣಮ್ಮ ಮಾತ್ರ ನಿಂತಲ್ಲೇ ನಿಂತು, "ಮಾತಾಡ್ತಾನಂತೇನ್ರಿ?" ಎಂದು ಕೇಳಿದಳು.

"ಮಾತಾಡ್ತಾರಂತವ್ವ. ನಿಮ್ಮನ್ನ ಕೇಳ್ತಾರಂತ."

"ಹಂಗಾರ ಸಿಗ್ತಾನ" ಎಂದು ಚೀಲ ಹೆಗಲಿಗೇರಿಸಿದಳು.

ತಿಪ್ಪಣ್ಣನ ಹತ್ತಿರ ಫೋನಿರಲಿಲ್ಲ, ಎರಡು ಸಲವೂ ಆಸ್ಪತ್ರೆಯ ಬೂತಿನಿಂದ ಮಾತಾಡಿದ್ದ. ಹಾಗಾಗಿ ಮುತ್ತುರಾಜನಿಗೆ ಯಾರೂ ಸಿಗಲಿಲ್ಲ. ಭಾರ್ಗವ ಮಾತಿಗೆ ತಪ್ಪದೆ ಕಾರು ಕೊಟ್ಟ. ಸಿಲ್ಕ್ ಬೋರ್ಡಿನಿಂದಲೇ ಗಾಡಿಗಳು ನಿಂತಿದ್ದವೆಂದು ಡ್ರೈವರ್ ಆಮೇಲೆ ಹೇಳಿದ, ಆದರೂ ರಾತ್ರಿಯ ಬಸ್ಸು ಸಿಕ್ಕಿತಂತೆ.

ಅವರು ಹೋಗಿ ಮುಟ್ಟುವಷ್ಟರಲ್ಲಿ ಅವರಪ್ಪ ಗುರುಬಸಪ್ಪ ತೀರಿಕೊಂಡಿದ್ದ.

ಅಮೆರಿಕದ ಆಸ್ಪತ್ರೆ ಕೆಲಸ ಖಾಯಂ ಮಾಡಿತು. ಉಮಾಶ್ರೀಗೆ ಬಡ್ತಿ ಸಿಕ್ಕಿತು. ಶರಣಮ್ಮ ಕಾರ್ಯವೆಲ್ಲ ಮುಗಿಸಿ ಒಬ್ಬಳೇ ವಾಪಸ್ಸಾದಳು, ಮುತ್ತುರಾಜ ಅಪ್ಪನ ಹಿಟ್ಟಿನ ಗಿರಣಿ ನೋಡಿಕೊಳ್ಳಲು ಊರಲ್ಲೇ ಉಳಿದ. ಅವಳು ನೇರ ತನ್ನ ಕುರ್ಚಿಗೆ ಹೋಗಿ ಕೂತಳು. ಅಷ್ಟು ದಿನ ಸರ್ಜನ್ನನ ಫೈಲುಗಳು ಅರ್ಧಂಬರ್ಧವಾಗಿ ಹೋಗಿ, ಆಸ್ಪತ್ರೆಯಿಂದ ಎರಡು ಸಲ ಎಚ್ಚರಿಕೆ ಬಂದಿತ್ತು. ಉಮಾಶ್ರೀ ಒಂದು ವಾರ ತಡೆದು, ಆಮೇಲೆ ಅವಳನ್ನು ಟೆರೇಸಿಗೆ ಕರೆದುಕೊಂಡು ಹೋದಳು.

"ಮುತ್ತುರಾಜನ ಜಾಗಕ್ಕ ಇಂಚರಾನ್ನ ಹಾಕಬೇಕಂತ ಮಾಡೇವಿ. ನೀ ಸ್ವಲ್ಪ ಕಲಸಬೇಕವ್ವ."

"ಕಲಸೂದಿಲ್ರಿ."

"ಪಗಾರ ಹೆಚ್ಚು ಮಾಡಸ್ತೀನಿ."

"ಮಾಡಸ್ರಿ, ಬ್ಯಾಡ ಅನ್ನೂದಿಲ್ಲ. ಕಲಸೂದಿಲ್ಲ ಅಷ್ಟ." ಶರಣಮ್ಮ ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ನೋಡುತ್ತಿದ್ದಳು. "ಹೊಂಟಾರ, ಬಸ್ ಹತ್ತಿದ್ರು ಅಂತ ಕಾಕಾಗ ಹೇಳಿದ್ರಂತಲ್ಲ ನೀವು."

"ಮುಂಜಾನಿಗಾದ್ರೂ ಮುಟ್ತೀರಂತ ತಿಳಕೊಂಡಿದ್ದೆ ಶರಣಮ್ಮ. ಹಿಂಗಾಗ್ತದಂತ..."

"ಅಪ್ಪಗ ಹೇಳಿದನಂತ ಕಾಕಾ, ಬರಾಕತ್ತಾರ ಅಂತ. ರಾತ್ರಿ ಆದ ಮ್ಯಾಲ ಅಪ್ಪಂದು ಒಂದ ಹಟ. ಹುಡುಗರಿಗೆ ದವಾಖಾನಿ ಗೊತ್ತಿಲ್ಲ, ಸ್ಟ್ಯಾಂಡಿಗೆ ಹೋಗಿ ಕರ್ಕೊಂಡ ಬಾ ಅಂತ. ಕಾಕಾ ಹೋದ. ಒಂದು ಬಸ್ ಬಂತು, ನಾವಿಲ್ಲ. ಮುಂದಿಂದ್ರಾಗ ಬರ್ತಾರಂತ ಕುಂತ. ಅದ್ರಾಗೂ ಇಲ್ಲ. ತಿರುಗಿ ಬರೂದ್ರೊಳಗ ಮುಗದಿತ್ತು. ಹತ್ರ ಯಾರೂ ಇರಲಿಲ್ಲ." ದನಿ ಏರಲಿಲ್ಲ. "ಹೊಂಟಿಲ್ಲ ಅಂದಿದ್ರ ಕಾಕಾ ಆದ್ರೂ ಹತ್ರ ಇರ್ತಿದ್ದ."

ಉಮಾಶ್ರೀಯೂ ಆ ಟ್ಯಾಂಕಿನ ಕಡೆಗೇ ನೋಡಿದಳು.

"ಕೆಲಸ ಬಿಡೂದಿಲ್ಲ ನಾ. ಊರಾಗ ಕುಂತು ಮಾಡೂದೇನೈತಿ? ನನ್ನ ಫೈಲ್ ನಾ ಮಾಡ್ತೀನಿ. ಇನ್ನೊಬ್ಬರಿಗೆ ಮಾತ್ರ ಹೇಳಿಕೊಡೂದಿಲ್ಲ." ಇಳಿಯಲು ತಿರುಗಿದಳು. "ಬೇಕಾದ್ರ ನಿಮ್ಮ ಹೆಸರು ಹಾಕ್ಕೋರಿ."

ಭಾರ್ಗವ ಕೇಳಿ ಕೈ ಬೀಸಿದ. "ದುಃಖದಲ್ಲಿದಾಳೆ. ಸ್ವಲ್ಪ ದಿನ ಹೋಗ್ಲಿ, ಸರಿ ಹೋಗ್ತಾಳೆ."

"ಹೋಗಲ್ಲ ಸಾರ್."

"ಹಾಗಾದ್ರೆ ಬದರಿನಾಥ್ ಬಂದಾಗ ಏನಂತ ತೋರ್ಸೋದು?"

ಸರ್ಜನ್ನನ ಮುಂದಿನ ಎರಡನೆಯ ಜಾಗದಲ್ಲಿ ಉಮಾಶ್ರೀ ತನ್ನ ಹೆಸರನ್ನೇ ಹಾಕಿದಳು. ಕಾಗದದ ಮೇಲೆ ಯೋಜನೆ ಪೂರ್ತಿಯಾಯಿತು. ಅಲ್ಲಿಂದ ಮುಂದೆ ಬೆಳಿಗ್ಗೆ ಶರಣಮ್ಮ ಮೆಟ್ಟಿಲು ಹತ್ತಿ ಬರುವವರೆಗೆ ಅವಳಿಗೆ ಬೇರೆ ಕೆಲಸದ ಮೇಲೆ ಗಮನ ನಿಲ್ಲುತ್ತಿರಲಿಲ್ಲ. ಶರಣಮ್ಮ ಬರುತ್ತಿದ್ದಳು, ಡಬ್ಬಿಯನ್ನು ಕಪಾಟಿನಲ್ಲಿಡುತ್ತಿದ್ದಳು, ಯಾರ ಜೊತೆಯೂ ಜಗಳವಿಲ್ಲದೆ ಸಂಜೆಯವರೆಗೆ ಕೆಲಸ ಮಾಡಿ ಹೋಗುತ್ತಿದ್ದಳು. ಇಂಚರ ಪಕ್ಕಕ್ಕೆ ಬಂದು ನಿಂತರೆ ಟೈಪ್ ಮಾಡುವುದನ್ನು ನಿಲ್ಲಿಸಿ, ಅವಳು ಹೋಗುವವರೆಗೂ ಕಾಯುತ್ತಿದ್ದಳು.

ಆಷಾಢ ಮುಗಿದು ಶ್ರಾವಣ ಶುರುವಾದ ಸೋಮವಾರ ಅವಳ ಕುರ್ಚಿ ಖಾಲಿಯಿತ್ತು. ಫೈಲುಗಳು ಬಂದು ಬೀಳುತ್ತಿದ್ದವು. ಭಾರ್ಗವ ಎರಡು ಸಲ ಹೊರಗೆ ಬಂದು ಹಾಲನ್ನು ನೋಡಿ ಹೋದ. ಕೊನೆಗೆ ಅಲಮೇಲು ಫೋನು ಬಂದಿದೆಯೆಂದು ಕರೆದಳು.

"ಅಕ್ಕಾರ, ಇವತ್ತು ಬರೂದಿಲ್ರಿ" ಎಂದಳು ಶರಣಮ್ಮ.

"ಯಾಕವ್ವ, ಆರಾಮಿಲ್ಲೇನು?"

"ಆರಾಮದೇನಿ."

"ಊರಾಗ ಎಲ್ಲಾ..."

"ಎಲ್ಲಾರೂ ಆರಾಮದಾರ. ಬರೂದಿಲ್ಲ, ಅಷ್ಟ. ನಾಳೆ ಬರ್ತೀನಿ."

ಹೀಗೆ ಕಾರಣವಿಲ್ಲದೆ ರಜೆ ಹಾಕಿದವರಿಗೆ ಎಚ್ಚರಿಕೆ ಕೊಡುವ ಅಧಿಕಾರ ಉಮಾಶ್ರೀಗಿತ್ತು. ಹಿಂದೆ ಒಬ್ಬಿಬ್ಬರಿಗೆ ಕೊಟ್ಟೂ ಇದ್ದಳು.

"ಆತು" ಎಂದಳು.

ಒಳಗೆ ಹೋಗಿ ಶರಣಮ್ಮನ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡು ಮೊದಲನೆಯ ಫೈಲ್ ತೆರೆದಳು. ಮುದುಕ ಮಾತಾಡತೊಡಗಿದ. ಮೊದಲ ವಾಕ್ಯವನ್ನು ಹಿಂದಕ್ಕೆ ಹಾಕಿ ಕೇಳಿದಳು, ಮತ್ತೆ ಕೇಳಿದಳು. ಹಿಂದೆ ಭಾರ್ಗವ ಬಂದು ನಿಂತದ್ದು ಗೊತ್ತಾಯಿತು. ತಿರುಗದೆ, ಆ ಜಾಗವನ್ನು ಖಾಲಿ ಬಿಟ್ಟು, ಮುಂದಿನ ವಾಕ್ಯಕ್ಕೆ ಹೋದಳು.