ವೀಳ್ಯದೆಲೆಯ ಮೇಲಿನ ಫೀಜು

"ಕೂಡ್ರಾಕ ಬಂದಿಲ್ಲ ವಕೀಲ್ರೆ. ನೀವು ಈ ಕೇಸು ಬಿಡ್ರಿ. ನನ್ನ ಮಗಳ ಕಾಗದ ಕೊಡ್ರಿ, ಉಳಿದ ಫೀಜು ಕೊಡ್ರಿ. ನಾವು ಹೋಗ್ತೀವಿ."

ಕಸ್ತೂರಮ್ಮ ಬಾಗಿಲಲ್ಲಿ ನಿಂತೇ ಅಂದಳು. ದಾವಣಗೆರೆಯ ಬಟ್ಟೆ ಅಂಗಡಿಯೊಂದರ ಮೇಲಿನ ಆ ಆಫೀಸಿಗೆ ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಸಿಟ್ಟು ಮಾಡುವುದಿಲ್ಲವೆಂದು ಭಾನುವಳ್ಳಿಯಲ್ಲಿ ಬಸ್ಸು ಹತ್ತುವಾಗ, ಈಗ ಬೆನ್ನ ಹಿಂದೆ ನಿಂತಿದ್ದ ಮಗಳು ವಾಣಿಗೆ ಮಾತು ಕೊಟ್ಟಿದ್ದಳು. ಆ ಮಾತು ಬಾಗಿಲಾಚೆ ಚಪ್ಪಲಿಯ ಜೊತೆಗೇ ಉಳಿದಿತ್ತು.

ವಕೀಲ ವಾಮದೇವಪ್ಪ ಕನ್ನಡಕ ತೆಗೆದರು. "ಏನಾತು ಕಸ್ತೂರಮ್ಮ ಈಗ?"

"ಏನೂ ಆಗಿಲ್ಲ, ಅದೇ ಆಗಿರೋದು. ಯುಗಾದಿಗೆ ಕೊಟ್ಟ ಕೇಸು, ದೀಪಾವಳಿ ಬಂತು. ಒಂದು ನೋಟಿಸ್ ಬಿಟ್ರೆ ಮತ್ತೇನಿಲ್ಲ. ನೀವು ನೋಡಿದ್ರೆ ಹರಿಹರಕ್ಕೆ ಹೋಗಿ ಆ ಅಳಿಯನ ಮನಿಯಾಗ ಉಪ್ಪಿಟ್ಟು ತಿಂದು ಬಂದೀರಂತೆ."

"ರಾಜಿ ಮಾತಾಡಾಕ ಹೋಗಿದ್ದೆ."

"ರಾಜಿ ಮಾಡ್ರಿ ಅಂತ ಯಾರು ಹೇಳಿದ್ರು?"

"ನೀವೇ." ವಾಮದೇವಪ್ಪ ದನಿ ಏರಿಸಲಿಲ್ಲ. "ಫೀಜು ಹೆಂಗೆ ಕೊಟ್ರಿ, ನೆನಪು ಮಾಡ್ಕೊಳ್ರಿ. ವೀಳ್ಯದೆಲೆ, ಅಡಿಕೆ, ಅದರ ಮ್ಯಾಲೆ ದುಡ್ಡು, ಮದುವಿ ಮಾತಿಗೆ ಕೊಟ್ಟಂಗೆ. ಡೈವೋರ್ಸಿಗೆ ಯಾರೂ ಹಂಗೆ ಕೊಟ್ಟಿಲ್ಲ ನನಗೆ. ಮಗಳು ಹಠ ಮಾಡ್ತಾಳೆ, ತಾಯಿಗೆ ಸಂಸಾರ ಉಳೀಬೇಕು ಅಂತೈತೆ, ಬಾಯಿಬಿಟ್ಟು ಹೇಳಾಕ ಆಗದೆ ಎಲೆ ಇಟ್ಟಾಳೆ ಅಂದ್ಕೊಂಡೆ."

ಕಸ್ತೂರಮ್ಮನ ಮನೆಯಿಂದ ದುಡ್ಡು ಯಾವತ್ತೂ ಎಲೆ ಅಡಿಕೆ ಇಲ್ಲದೆ ಹೊರಗೆ ಹೋದದ್ದಲ್ಲ. ನಾಟಿಯ ಹೆಣ್ಣಾಳುಗಳ ಮುಂಗಡವಿರಲಿ, ಮನೆ ಕಟ್ಟಿದ ಮೇಸ್ತ್ರಿಯ ಬಾಕಿಯಿರಲಿ, ಕೆಳಗೆ ಎರಡು ಎಲೆ ಇಟ್ಟೇ ಕೊಡುವುದು. ಅತ್ತೆ ಕಲಿಸಿದ ರೂಢಿ. ಅವತ್ತೂ ಕೈ ಅದನ್ನೇ ಮಾಡಿತ್ತು.

"ಹೌದೇನವ್ವಾ?" ವಾಣಿ ಕೇಳಿದಳು.

ರೂಢಿ ಕಣೇ ಅಂದುಬಿಟ್ಟರೆ ಮುಗಿಯುತ್ತಿತ್ತು. ಮಗಳ ಮುಖ ನೋಡುತ್ತ ಕಸ್ತೂರಮ್ಮನಿಗೆ ಸುಳ್ಳು ಹೊರಡಲಿಲ್ಲ.

"ಅವತ್ತು ಮನಸಿನ ಒಂದು ಮೂಲ್ಯಾಗ ಇತ್ತೇನೋ," ಅಂದಳು. "ಈಗಿಲ್ಲ."

ವಾಣಿ ಮುಂದೆ ಬಂದು ಬಲಗೈಯನ್ನು ಮೇಜಿನ ಮೇಲಿಟ್ಟಳು. ಮುರಿದು ಕೂಡಿದ ಮಣಿಕಟ್ಟು ಒಂದು ಕಡೆಗೆ ಸೊಟ್ಟಗಿತ್ತು.

"ಸರ್, ಇದು ನನ್ನ ಗಂಡ ತಿರುವಿದ್ದು. ಒದ್ದೆ ಬಟ್ಟೆ ಹಿಂಡಾಕ ಬರಂಗಿಲ್ಲ. ಅವ್ವನ ಎಲೆ ನೋಡಿದ್ರಿ. ನನ್ನ ಒಂದು ಮಾತು ಕೇಳಬೇಕಿತ್ತು."

ವಾಮದೇವಪ್ಪ ಆ ಕೈಯನ್ನು ನೋಡಿದರು. ಎದ್ದು ಹೋಗಿ ಬೀರುವಿನಿಂದ ಫೈಲು ತಂದರು; ಒಳಗಿನ ಎಕ್ಸ್‌ರೇ ಹೊರಗೆ ಇಣುಕುತ್ತಿತ್ತು. ಡ್ರಾಯರಿನಿಂದ ದುಡ್ಡು ತೆಗೆದು ಅದರ ಮೇಲಿಟ್ಟರು.

"ನೋಟಿಸಿಂದು ಅಷ್ಟೇ ಹಿಡ್ಕೊಂಡೀನಿ. ತಪ್ಪಾತವ್ವಾ," ಅಂದರು ವಾಣಿಗೆ.

"ಉಪ್ಪಿಟ್ಟು ತಿನ್ನಾಕ ಹೋದ ಕಾರಿನ ಖರ್ಚು?" ಕಸ್ತೂರಮ್ಮ ಬಿಡಲಿಲ್ಲ.

"ಅದು ನಂದೇ."

ಮಧ್ಯಾಹ್ನ ಹರಿಹರದಲ್ಲಿ, ಕೋರ್ಟಿನ ಹತ್ತಿರದ ಓಣಿಯಲ್ಲಿ, ಹೊಸ ವಕೀಲೆ ಅಖ್ತರ್ ಬಾನು ಎಲ್ಲವನ್ನೂ ವಾಣಿಯ ಬಾಯಿಂದಲೇ ಕೇಳಿದರು. ನಡುವೆ ಬಾಯಿ ಹಾಕಿದ ಕಸ್ತೂರಮ್ಮನಿಗೆ, "ನೀವು ಚಾ ಕುಡೀರಿ ಅಮ್ಮಾ, ಆರಿ ಹೋಗ್ತೈತೆ," ಅಂದರು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

ಫೀಜು ಕೊಡುವ ಹೊತ್ತಿಗೆ ಕಸ್ತೂರಮ್ಮನ ಕೈ ತಾನಾಗಿಯೇ ಚೀಲದೊಳಗಿನ ಎಲೆಗೆ ಹೋಯಿತು. ಕೆಂಡ ಮುಟ್ಟಿದಂತೆ ಹಿಂದಕ್ಕೆ ಬಂತು. ಬರೀ ದುಡ್ಡನ್ನೇ ಎತ್ತಿದಳು.

"ತಡಿಯವ್ವಾ," ಅಂದಳು ವಾಣಿ.

ಚೀಲ ಎಳೆದುಕೊಂಡಳು. ಎರಡು ಎಲೆ ಆರಿಸಿ, ದುಪಟ್ಟಾದ ಅಂಚಿಗೆ ಒರೆಸಿ, ಅಡಿಕೆ ಇಟ್ಟಳು. ತಾಯಿಯ ಕೈಯಿಂದ ದುಡ್ಡು ತೆಗೆದುಕೊಂಡು ಮೇಲಿಟ್ಟಳು. ಆಮೇಲೆ ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಆ ಸೊಟ್ಟ ಕೈಯಿಂದಲೇ, ಎಲೆ ಅಲುಗದಂತೆ ಮುಂದಕ್ಕೆ ಚಾಚಿದಳು.